ಅಡುಗೆಮನೆ ಪಕ್ಕದ ಟ್ರ್ಯಾಕ್ಟರ್

ಓಡಾಟದ ನೌಕರಿ ಹಿಡಿದು ಅರ್ಧ ದೇಶ ನೋಡಿದವಳು ನಾನು. ಆದರೆ ನಗು ಬರುವಂಥದ್ದೆಲ್ಲ ನಡೆಯುತ್ತಿದ್ದುದು ಏಕಸಂಬಿಯ ನಮ್ಮ ಮನೆಯಲ್ಲಿ, ಅದೂ ಒಂದೇ ಕೋಣೆಯಲ್ಲಿ. ರಜೆಗೆಂದು ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಊರು ಮುಟ್ಟಿ, ಚೀಲ ಕೆಳಗಿಡುವುದರೊಳಗೆ ಹೊಸದೊಂದು ತಯಾರಾಗಿರುತ್ತಿತ್ತು.

ಕಾರಿಲ್ಲದ ಗ್ಯಾರೇಜು

ಎಂಬತ್ತರ ದಶಕದಲ್ಲಿ ಕಬ್ಬು ಕೈಹಿಡಿದ ಒಂದು ವರ್ಷ ಅಪ್ಪ ಆರ್‌ಸಿಸಿ ಮನೆ ಕಟ್ಟಿಸಿದ. ನಕ್ಷೆ ತೆಗೆದ ಎಂಜಿನಿಯರು ಅಡುಗೆಮನೆಗೆ ಅಂಟಿಸಿ ಒಂದು ಗ್ಯಾರೇಜನ್ನೂ ಬರೆದಿದ್ದ. ನಮ್ಮಲ್ಲಿ ಕಾರಿರಲಿಲ್ಲ. "ಇರ್ಲಿ, ನಕ್ಷಾದಾಗ ಬಂದೈತಲ್ಲ" ಎಂದು ಅಪ್ಪ ಅದನ್ನೂ ಕಟ್ಟಿಸಿದ. ಮುಂದೆ ಹೊಸ ಟ್ರ್ಯಾಕ್ಟರ್ ಬಂದಾಗ ಹಳೆಯದು ಸೀದಾ ಅಲ್ಲಿ ಹೋಗಿ ನಿಂತಿತು.

ಅವ್ವ ಗದ್ದಲ ಎಬ್ಬಿಸಿದಳು. "ಏನ್ರೀ, ಬಾಗಲದ ಆಚಿ ಕಡೆ ನನ್ನ ಒಲಿ, ಈಚಿ ಕಡೆ ನಿಮ್ಮ ಡೀಸಲ್ ಗಾಡಿ. ಒಂದ ಕಿಡಿ ಹಾರಿದ್ರ ರೊಟ್ಟಿ ಜೋಡಿ ನಾವೂ ಬೇಯ್ತೀವಿ. ಮಾರಿಬಿಡ್ರಿ ಅದನ್ನ."

"ಇಷ್ಟ ವರ್ಷ ಹೊಟ್ಟಿಗೆ ಹಾಕೇತಿ. ಮುಪ್ಪಾತಂತ ಹೊರಗ ದಬ್ಬಲೇನು?" ಎಂದ ಅಪ್ಪ.

ಆದರೂ ಹೆಂಡತಿಯ ಮಾತಿಗೆ ಬೆಲೆ ಕೊಟ್ಟ. ಬ್ಯಾಟರಿ ಬಿಚ್ಚಿದ. ಗಾಲಿಗೆ ಕಟ್ಟಿಗೆ ತುಂಡು ಕೊಟ್ಟ. ಟಾಕಿಯಲ್ಲಿದ್ದ ಡೀಸೆಲ್ಲನ್ನು ಹನಿ ಬಿಡದೆ ಕ್ಯಾನಿಗೆ ಇಳಿಸಿದ. "ಈಗೇನ ಅಂಜಿಕಿ ಇಲ್ಲ, ನಿಶ್ಚಿಂತಿ ರೊಟ್ಟಿ ಬಡಿ" ಎಂದು ಹೇಳಿ ಹೊಲಕ್ಕೆ ಹೋದ.

ಸಂಜೆ ಅವ್ವ ಒಣಕಟ್ಟಿಗೆ ತೆಗೆಯಲು ಒಲೆಯ ಕಟ್ಟೆ ಕೆಳಗೆ ಕೈ ಹಾಕಿದರೆ ತಣ್ಣಗೆ ಏನೋ ತಾಕಿತು. ಡೀಸೆಲ್ ಕ್ಯಾನು! ಅಪ್ಪನ ಸಮಜಾಯಿಷಿ ಸರಳವಾಗಿತ್ತು: "ಗ್ಯಾರೇಜಿನಾಗ ಇಡಬ್ಯಾಡ ಅಂದಾಕಿ ನೀನ ಅಲ್ಲೇನು?"

ಅಥಣಿಯ ಬೀಗರು

ನನ್ನನ್ನು ನೋಡಲು ಅಥಣಿ ಕಡೆಯಿಂದ ಒಂದು ಜೀಪು ತುಂಬ ಜನ ಬಂದರು. ದ್ರಾಕ್ಷಿ ತೋಟದವರು. ನಾನು ರೇಷ್ಮೆ ಸೀರೆ ಉಟ್ಟು, ಚಹಾದ ತಾಟು ಹಿಡಿದು ಪಡಸಾಲೆಗೆ ಬಂದರೆ ಅಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಗ್ಯಾರೇಜಿನಲ್ಲಿ! ಹುಡುಗನ ಅಪ್ಪ ಟ್ರ್ಯಾಕ್ಟರಿನ ಸೀಟಿನ ಮೇಲೆ, ಹುಡುಗ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ.

"ಎಣ್ಣಿ ಭಾಳ ಕುಡೀತೈತೇನ್ರಿ?"

"ಛೇ, ಕೊಟ್ಟಷ್ಟ ಕುಡದು ಸುಮ್ಮನ ಇರ್ತೈತ್ರಿ."

"ಹಟ ಮಾಡೂದು, ನಡಕ ನಿಲ್ಲೂದು?"

"ಒಂದ ದಿನಾನೂ ಇಲ್ರಿ. ಭಾಳ ಗುಣವಂತ."

ನನ್ನ ಬಗ್ಗೆ ಅಪ್ಪ ಜನ್ಮದಲ್ಲಿ ಅಷ್ಟು ಒಳ್ಳೆಯ ಮಾತು ಆಡಿದವನಲ್ಲ. ಚಹಾ ಆರಿತು. ಹೊರಡುವಾಗ ಹುಡುಗನ ಅಪ್ಪ ಕೈ ಮುಗಿದು, "ಟ್ರ್ಯಾಕ್ಟರ್ ನಮಗ ಪಸಂದ್ ಐತ್ರಿ. ಹುಡುಗಿ ವಿಚಾರ ಮನ್ಯಾಗ ಕೇಳಿ ತಿಳಸ್ತೀವಿ" ಎಂದರು.

ಟ್ರ್ಯಾಕ್ಟರ್ ಕೊಡುವುದಿಲ್ಲ ಎಂದು ಅಪ್ಪ ಹೇಳಿಬಿಟ್ಟದ್ದಕ್ಕೋ ಏನೋ, ನನ್ನ ವಿಚಾರ ಇವತ್ತಿಗೂ ತಿಳಿಸಿಲ್ಲ.

ತಂಬಿಗೆ

ನಿಂತ ಎಂಜಿನ್ನು ತುಕ್ಕು ಹಿಡಿದು ಜಾಮ್ ಆಗಬಾರದೆಂದು ಅಪ್ಪ ಪ್ರತಿ ಅಮವಾಸ್ಯೆಗೆ ಬ್ಯಾಟರಿ ಕಟ್ಟಿ, ಚೂರು ಡೀಸೆಲ್ ಸುರಿದು, ಕಾಯಿ ಒಡೆದು ಅದನ್ನು ಚಾಲೂ ಮಾಡುತ್ತಿದ್ದ. ಹೊಗೆಯೆಲ್ಲ ಅಡುಗೆಮನೆಗೆ. ಪರಊರಿನ ಯಾವುದೋ ಢಾಬಾದಲ್ಲಿ ಬಿಸಿ ರೊಟ್ಟಿ, ಡೀಸೆಲ್ಲು ಎರಡರ ವಾಸನೆ ಒಟ್ಟಿಗೆ ಬಡಿದರೆ ನನಗೆ ಈಗಲೂ ಊಟ ಬಿಟ್ಟು ಮನೆಗೆ ಹೊರಡುವ ಹಾಗಾಗುತ್ತದೆ.

ಸೈಲೆನ್ಸರ್ ಕೊಳವೆಯಲ್ಲಿ ಇಲಿ ಇಳಿಯಬಾರದೆಂದು ಅಪ್ಪ ಅದರ ಬಾಯಿಗೆ ಒಂದು ಹಿತ್ತಾಳೆ ತಂಬಿಗೆ ಬೋರಲು ಹಾಕಿದ್ದ. ಅದು ಅವ್ವನ ತವರು ರಾಯಬಾಗದಿಂದ ಬಂದದ್ದು. ತವರಿನಿಂದ ಬಂದ ಯಾವುದನ್ನೂ ಅಪ್ಪ ಹೊಗಳಿದ್ದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದು ಅಮವಾಸ್ಯೆ ತಂಬಿಗೆ ತೆಗೆಯಲು ಮರೆತು ಚಾಲೂ ಮಾಡಿದ. ಢಬ್ ಅಂತ ಹಾರಿದ ತಂಬಿಗೆ ಸ್ಲ್ಯಾಬಿಗೆ ಬಡಿದು, ಬಾನೆಟ್ಟಿನ ಮೇಲೆ ಕುಣಿದು, ಅವ್ವನ ಕಾಲ ಹತ್ತಿರ ಬಂದು ನಿಂತಿತು.

ಅವ್ವ ತಂಬಿಗೆ ಎತ್ತಿ ಸುತ್ತ ತಿರುಗಿಸಿ ನೋಡಿ ಹೇಳಿದಳು: "ನೋಡ್ರಿ, ಒಂದ ತಗ್ಗ ಬಿದ್ದಿಲ್ಲ. ನಿಮ್ಮ ಬಾನೆಟ್ಟ ನೋಡಕೋರಿ."

ಆನೆ ಹೋದ ಬಾಗಿಲು

ತೊಂಬತ್ತರ ದಶಕದಲ್ಲಿ ಸೋದರಮಾವ ರಾಯಬಾಗದ ಹಳೇ ವಾಡೆ ಮನೆ ಕೆಡವಿದ. ಅದರ ಹೆಬ್ಬಾಗಿಲಿನ ಸಾಗವಾನಿ ಚೌಕಟ್ಟು ಅವ್ವನ ಪಾಲಿಗೆ ಬಂತು. ತೆರೆದೇ ಇದ್ದ ಗ್ಯಾರೇಜಿನ ಬಾಯಿಗೆ ಅದನ್ನು ಕೂಡಿಸಬೇಕೆಂದಳು. ಅಪ್ಪ ಚಾಷ್ಟಿ ಮಾಡಿ ನಗುತ್ತಾನೆಂದು ನಾವು ಕಾಯ್ದರೆ ಅವನು, "ಕೂಡ್ಸೂಣು. ಎಂಥಾ ಕಟ್ಟಿಗಿ! ನಿಮ್ಮ ತವರಿನವ್ರು ಭಾಳ ತಿಳದವ್ರು" ಎಂದುಬಿಟ್ಟ. ಅವ್ವನ ಕಣ್ಣಲ್ಲಿ ನೀರು. ಗೌಂಡಿ ಎರಡೂ ಬದಿಗೆ ಗೋಡೆ ಏರಿಸಿ ಚೌಕಟ್ಟು ನಿಲ್ಲಿಸಿದ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ ಅವ್ವ ಪೂಜೆ ಮಾಡಿದಳು. "ನಮ್ಮ ವಾಡೇದಾಗಿದ್ದಾಗ ಇದರಾಗ ಆನಿ ಹೋಗ್ತಿತ್ತು" ಎಂದು ಬಂದವರಿಗೆಲ್ಲ ಹೇಳಿದಳು.

ಅಷ್ಟಕ್ಕೇ ಬಿಡಲಿಲ್ಲ. ಆ ಉಮೇದಿನಲ್ಲೇ ಟ್ರ್ಯಾಕ್ಟರಿಗೆ ಕಾಗವಾಡದ ಒಬ್ಬ ಗಿರಾಕಿಯನ್ನೂ ಹುಡುಕಿದಳು. ಅಪ್ಪ, "ಒಯ್ಯಲಿ. ಹೊರಗ ತಗದ್ರ ಒಯ್ಯಲಿ" ಎಂದು ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತ.

ಬ್ಯಾಟರಿ ಕಟ್ಟಿ, ಡೀಸೆಲ್ ಸುರಿದ ಮೇಲೆ ಗಿರಾಕಿ ತಾನೇ ಹತ್ತಿ ಚಾಲೂ ಮಾಡಿದ. ಮುಂದಿನ ಗಾಲಿ ಹೊಸ್ತಿಲು ದಾಟಿದವು. ಹಿಂದಿನ ದೊಡ್ಡ ಗಾಲಿ ಎರಡೂ ಕಡೆ ಚೌಕಟ್ಟಿಗೆ ಒತ್ತಿ ನಿಂತವು.

"ಆನಿ ಹೋಗಿರಬೇಕ್ರಿ ಕಾಕೂ," ಎಂದ ಆತ, "ಟ್ರ್ಯಾಕ್ಟರ್ ಹೋಗಂಗಿಲ್ಲ. ಏನೂ ಕಾಳಜಿ ಮಾಡಬ್ಯಾಡ್ರಿ, ಚೌಕಟ್ಟ ಕೀಳೂಣು."

ಗೌಂಡಿಗೆ ಹೇಳಿಕಳಿಸಿದರು. ಅವನು ಹಾರೆ ಎತ್ತಿದ್ದೇ ತಡ, ಅವ್ವ ಬಂದು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಪೂಜಿ ಮಾಡಿದ ಹೊಸ್ತಿಲ ಇದು, ನನ್ನ ತವರಿಂದು! ಮೊದಲ ನನ್ನ ಕೀಳ್ರಿ!"

ಗಿರಾಕಿ ಚಹಾ ಕುಡಿದು ಬಸ್ಸು ಹಿಡಿದ. ಅಪ್ಪ ಟ್ರ್ಯಾಕ್ಟರನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ನಿಲ್ಲಿಸಿ, ಗಾಲಿಗೆ ಮತ್ತೆ ಕಟ್ಟಿಗೆ ಕೊಟ್ಟ.

ಹಾರೆ ಹೆಗಲಿಗೇರಿಸಿ ಹೊರಟ ಗೌಂಡಿಯನ್ನು ನಾನು ಗೇಟಿನ ಹತ್ತಿರ ತಡೆದು ಕೇಳಿದೆ: "ಅಲ್ಲೋ ಮಾರಾಯಾ, ಚೌಕಟ್ಟ ಕೂಡ್ಸೂವಾಗ ಅಳತಿ ತಗೊಂಡಿದ್ದಿಲ್ಲೇನು?"

"ತಗೊಂಡಿದ್ನಲ್ರೀ ಅಕ್ಕಾರ! ನಿಮ್ಮಪ್ಪಾರ ನಿಂತು ತಗಸಿದ್ರು. ಮೊದಲ ಚೌಕಟ್ಟಿಂದು, ಆಮ್ಯಾಲ ಟ್ರ್ಯಾಕ್ಟರ್‌ದು. ಎರಡೂ ನೋಡಿ, 'ಬರೋಬ್ಬರಿ ಐತಿ, ಕೂಡಸು' ಅಂದ್ರು."