ಒಳಗೆ ಹೋದ ‘ಇಫ್’ ಹೊರಗೆ ಬರಲಿಲ್ಲ

ಕಂಪ್ಯೂಟರು ತಪ್ಪು ಮಾಡುವುದಿಲ್ಲ ಎನ್ನುತ್ತಾರೆ. ನಿಜ, ತಪ್ಪು ನಾವೇ ಮಾಡುತ್ತೇವೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ಹಂಚಿನ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹದಿನೈದು ದಿನಕ್ಕೊಮ್ಮೆಯಾದರೂ ಇಂಥದ್ದೊಂದು ಆಗದೆ ಹೋಗುತ್ತಿರಲಿಲ್ಲ. ಪ್ರತಿ ಸಲವೂ ನಾನು ಬಾಯಿ ತೆರೆದುಕೊಂಡು ನಿಂತಿದ್ದೇನೆ.

ಕಚೇರಿ ನೆಹರು ನಗರದಲ್ಲಿ, ಹಂಚು ಸುಡುವ ಭಟ್ಟಿಗಳು ಖಾನಾಪುರದಲ್ಲಿ. ಪುಣೆಯಿಂದ ತಂದ ಆ ಯಂತ್ರಕ್ಕೆ ಏಸಿ ಇತ್ತು, ನಮಗೆ ಫ್ಯಾನೂ ಇರಲಿಲ್ಲ. ಚಪ್ಪಲಿ ಬಿಟ್ಟೇ ಅದರ ಕೋಣೆಗೆ ಹೋಗಬೇಕೆಂದು ಮಾಲಕರ ಅಪ್ಪಣೆ. ಯಾವ ಲಾರಿ ಯಾವ ಊರಿಗೆ ಯಾವ ಹಂಚು ಒಯ್ಯಬೇಕೆಂಬ ಪಟ್ಟಿಯನ್ನು ಅದು ದಿನಾ ಬೆಳಿಗ್ಗೆ ಅಚ್ಚು ಹಾಕಬೇಕು. ಹೇಗೆ ಹಾಕಬೇಕೆಂದು ನಾನು ಬರೆದಿಟ್ಟ ಚೀಟಿಗೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಇಂಥದ್ದಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು, ಇಷ್ಟೇ. ಆ ‘ಇದ್ದರೆ’ಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಯಂತ್ರ ಮುಷ್ಕರ ಹೂಡುತ್ತಿತ್ತು.

೧. ಟೈಪಿನ ಅಕ್ಕಾರು

ನಾನು ಕೈಯಲ್ಲಿ ಬರೆದದ್ದನ್ನು ಯಂತ್ರಕ್ಕೆ ಹಾಕುತ್ತಿದ್ದವರು ನಮ್ಮ ಕಚೇರಿಯ ಟೈಪಿಸ್ಟ್. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಕಿಟಕಿಯಾಚೆ ನೋಡುತ್ತ, ಚಹಾ ಆರುತ್ತಿದೆ ಎಂದು ಗೊಣಗುತ್ತ, ಒಂದೂ ಅಕ್ಷರ ತಪ್ಪದೆ ಪುಟಗಟ್ಟಲೆ ಬಡಿಯುವ ಅವರ ಬೆರಳುಗಳನ್ನು ನೋಡುವುದೇ ನನಗೊಂದು ಹಬ್ಬ.

‘ಇದ್ದರೆ’ ಎಂದು ಕೇಳುವಾಗ ಚೌಕ ಕಂಸ ತೆರೆದು, ಒಂದು ಜಾಗ ಬಿಟ್ಟು, ಮುಂದೆ ಬರೆಯಬೇಕು. ಜಾಗ ಬಿಡದಿದ್ದರೆ ಯಂತ್ರ ‘ಇಂಥ ಆಜ್ಞೆ ಎಲ್ಲೂ ಸಿಗಲಿಲ್ಲ’ ಎನ್ನುತ್ತದೆ. ನಾನು ಸಂಜೆ ಯಂತ್ರದಲ್ಲಿ ಜಾಗ ಸೇರಿಸಿಟ್ಟು ಹೋಗುತ್ತಿದ್ದೆ, ಬೆಳಿಗ್ಗೆ ಬರುವಷ್ಟರಲ್ಲಿ ಆ ಜಾಗ ಮಾಯವಾಗಿರುತ್ತಿತ್ತು. ಮೂರು ದಿನ ಹೀಗೇ ನಡೆದ ಮೇಲೆ ಕೇಳಿಯೇಬಿಟ್ಟೆ.

“ಅಕ್ಕಾರ, ಈ ಜಾಗ ನೀವು ತಗೀತೀರೇನ್ರಿ?”

“ಮತ್ತ? ನೀವು ತಪ್ಪು ಬಿಟ್ಟು ಹೋಗಿರ್ತೀರಿ, ನಾ ತಿದ್ದಿಡತೀನಿ. ಕಂಸದ ಬೆನ್ನಿಗೆ ಜಾಗ ಬಿಟ್ರ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರು ಬೆರಳ ಮ್ಯಾಲೆ ಪಟ್ಟಿಲೇ ಹೊಡೀತಿದ್ರು.”

“ಜಾಗ ಇರಲಿಲ್ಲಂದ್ರ ಮಷೀನಿಗೆ ತಿಳಿಯೂದಿಲ್ಲರಿ.”

ಅಕ್ಕಾರು ಯಂತ್ರವನ್ನು ಬಹಳ ಹೊತ್ತು ಕನಿಕರದಿಂದ ನೋಡಿದರು.

“ಹೋಗ್ಲಿ ಬಿಡ್ರಿ, ಪಾಪ,” ಎಂದರು. “ಜೂನಿಯರ್ ಪರೀಕ್ಷಾನೂ ಪಾಸಾಗಿಲ್ಲ ಅಂತ ಕಾಣತೈತಿ.”

೨. ಸೊನ್ನೆ ಬರೆಯದ ಕಾಕಾ

ಖಾನಾಪುರದ ಉಗ್ರಾಣ ನೋಡಿಕೊಳ್ಳುವ ಹಿರಿಯರಿಗೆ ಎಲ್ಲರೂ ಕಾಕಾ ಎನ್ನುತ್ತಿದ್ದರು. ಫೋನಿನಲ್ಲಿ ನನ್ನ ಜೊತೆ ಕನ್ನಡ, ಬಾಜೂಕ್ಕೆ ನಿಂತ ಆಳಿನ ಜೊತೆ ಮರಾಠಿ, ಎರಡೂ ಒಂದೇ ಉಸಿರಿನಲ್ಲಿ. ಯಾವ ಹಂಚು ಎಷ್ಟು ಉಳಿದಿದೆ ಎಂಬ ಚೀಟಿ ಅವರಿಂದ ಮೊದಲ ಬಸ್ಸಿಗೆ ಬರುತ್ತಿತ್ತು. ಮುಗಿದ ಹಂಚಿನ ಮುಂದೆ ಮಾತ್ರ ಅವರು ಏನನ್ನೂ ಬರೆಯುತ್ತಿರಲಿಲ್ಲ. ಯಂತ್ರ ಆ ಖಾಲಿ ಮನೆಗೆ ಬಂದು ಎಡವಿ, ‘ಇಲ್ಲಿ ಏನೋ ಇರಬೇಕಿತ್ತು’ ಎಂದು ನಿಂತುಬಿಡುತ್ತಿತ್ತು.

“ಕಾಕಾ, ಮುಗದಿದ್ರ ಒಂದು ಸೊನ್ನಿ ಬರದುಬಿಡ್ರಿ,” ಎಂದೆ.

“ಮುಂಜಾನೆದ್ದು ತುಂಬಿದ ಕಾರ್ಖಾನಿ ಹೆಸರಿಗೆ ಸೊನ್ನಿ ಬರೀಲೇನು? ನಮ್ಮ ಮನ್ಯಾಗ ಅಕ್ಕಿ ಮುಗದ್ರೂ ಹೆಚ್ಚಾಗೇತಿ ಅಂತೀವಿ.”

ನನ್ನ ಅವ್ವನೂ ಹಾಗೇ ಅನ್ನುವವಳು. ಯಂತ್ರ ಕೂಡಿಸಿಕೊಟ್ಟಿದ್ದ ಪುಣೆಯ ಎಂಜಿನಿಯರಿಗೆ ಫೋನು ಹಚ್ಚಿದರೆ ಅವರು ಸುಲಭದ ಉಪಾಯ ಹೇಳಿದರು. ‘ಇದ್ದರೆ’ಯಲ್ಲಿ ಹೋಲಿಸುವ ಎರಡೂ ಅಂಕಿಗಳ ಮುಂದೆ ಒಂದು ಎಕ್ಸ್ ಅಕ್ಷರ ಇಡುವುದು, ಆಗ ಏನೂ ಇಲ್ಲದಿದ್ದರೂ ಆ ಎಕ್ಸ್ ಇದ್ದೇ ಇರುತ್ತದೆ. ಇಟ್ಟೆ, ಪಟ್ಟಿ ಸರಸರ ಬಂತು. ಇಷ್ಟು ಸಣ್ಣ ಅಕ್ಷರಕ್ಕೆ ಇಷ್ಟು ಶಕ್ತಿಯೇ ಎಂದು ಆ ದಿನವೆಲ್ಲ ಬೆರಗಾಗಿದ್ದು, ಸಂಜೆ ಕಾಕಾಗೂ ಹೇಳಿದೆ.

ಕಾಕಾಗೆ ಯಾವ ಬೆರಗೂ ಆಗಲಿಲ್ಲ. “ನಾವು ಹಾಳಿ ಮ್ಯಾಲೆ ಮದಲ ಶ್ರೀ ಬರಿಯೂದು ಮತ್ಯಾಕಂತ ತಿಳದಿದ್ರಿ? ಪುಣೆದವರಿಗೆ ಈಗ ಗೊತ್ತಾತೇನು?”

೩. ಗೇಟಿನ ಚಾಚಾ

ಗೋವಾದ ಲಾರಿಗೆ ಬೇರೆ ಪಟ್ಟಿ ಬೇಕೆಂದು ಮಾಲಕರು ಹೇಳಿದ್ದರಿಂದ ಸ್ಕ್ರಿಪ್ಟಿನಲ್ಲಿ ಹೊಸದೊಂದು ‘ಇದ್ದರೆ’ ಸೇರಿಸಿದೆ. ಮರುದಿನ ಯಂತ್ರ ಕಟ್ಟಕಡೆಯ ಸಾಲಿಗೆ ಹೋಗಿ, ‘ಬರಹ ಮುಗಿದೇಹೋಯಿತು, ಇದನ್ನು ನಿರೀಕ್ಷಿಸಿರಲಿಲ್ಲ’ ಎಂದಿತು. ‘ಇದ್ದರೆ’ಗೆ ಯಂತ್ರದ ಭಾಷೆಯಲ್ಲಿ ‘ಇಫ್’, ಹಾಗೆ ಶುರು ಮಾಡಿದ್ದನ್ನು ಅದನ್ನೇ ತಿರುಗಿಸಿ ‘ಫಿ’ ಎಂದು ಮುಗಿಸಬೇಕು. ಎಲ್ಲೋ ಒಂದನ್ನು ಮುಗಿಸಿಲ್ಲ. ಎಲ್ಲಿ ಎಂದು ಅದು ಹೇಳಲೊಲ್ಲದು, ನನಗೆ ಕಾಣಲೊಲ್ಲದು. ಎರಡು ದಿನ ಕಣ್ಣು ಕಿತ್ತುಬರುವಂತೆ ನೋಡಿದೆ.

ಖಾನಾಪುರದಿಂದ ಮಾಲಕರ ಫೋನು ಬಂತು. “ಪುಣೆಯಿಂದ ಎಂಜಿನಿಯರ್‌ನ ಇನ್ನ ಕರಸೂದಿಲ್ಲ. ನಾಳಿ ಸಂಜಿಮಟಾ ನೋಡ್ತೀನಿ. ಆಗಲಿಲ್ಲಂದ್ರ ಮಷೀನು ಪುಣೆಕ್ಕ, ನೀವು ನಿಮ್ಮ ಮನಿಗೆ.”

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸದಾಶಿವನಗರದಲ್ಲಿ ಬಾಡಿಗೆ ಮನೆ ಹಿಡಿದು ಅವ್ವನನ್ನು ಕರೆತಂದು ತಿಂಗಳೂ ಕಳೆದಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇನ್ನೆರಡು ದಿನ ಕೊಡಿ ಎಂದು ಕೇಳಲು, ಸ್ಕ್ರಿಪ್ಟಿನ ಕಾಗದ ಬಗಲಲ್ಲಿಟ್ಟುಕೊಂಡು ಮರುದಿನ ಖಾನಾಪುರದ ಬಸ್ಸು ಹತ್ತಿದೆ. ಮಾಲಕರು ಭಟ್ಟಿಯ ಹತ್ತಿರ ಇದ್ದರು. ಗೇಟಿನಲ್ಲಿ ಕೂತು ಕಾಯಲು ಹೇಳಿಕಳಿಸಿದರು.

ಗೇಟಿನಲ್ಲಿದ್ದ ವಯಸ್ಸಾದ ಚಾಚಾ ನನಗೆ ಸ್ಟೂಲು ಬಿಟ್ಟುಕೊಟ್ಟ. ಭಟ್ಟಿಗೆ ಹೋಗುವ ದಾರಿ ಒಂದೇ ಲಾರಿಯಷ್ಟು ಅಗಲ. ಒಂದರ ಹಿಂದೊಂದು ಒಳಗೆ ಹೋದ ಲಾರಿಗಳು ಹಿಮ್ಮುಖವಾಗಿ ಬರಬೇಕು, ಕೊನೆಗೆ ಹೋದದ್ದೇ ಮೊದಲು ಹೊರಗೆ. ಲಾರಿ ಒಳಗೆ ಹೋದಾಗ ಚಾಚಾ ಕೊರಳಿನ ಶೀಟಿ ಊದಿ ಕಟ್ಟೆಯ ಮೇಲೆ ಸಾಲಾಗಿ ಒಂದು ಹಂಚಿನ ಚೂರು ಇಡುತ್ತಿದ್ದ, ಹೊರಗೆ ಬಂದಾಗ ಸಾಲಿನ ತುದಿಯ ಚೂರು ತೆಗೆಯುತ್ತಿದ್ದ.

“ಯಾಕ್ರಿ ಸಾಹೇಬ್ರ, ಮಾರಿ ಸಣ್ಣದಾಗೇತಿ?”

“ಒಳಗ ಹೋದದ್ದೊಂದು ಹೊರಗ ಬಂದಿಲ್ಲ ಚಾಚಾ. ಇಫ್ ಅಂದ್ರ ಒಳಗ, ಫಿ ಅಂದ್ರ ಹೊರಗ. ಯಾವುದು ಉಳದೈತಿ ತಿಳೀವಲ್ದು.”

“ಅಷ್ಟ ಹೌದಲ್ಲ? ಓದ್ರಿ,” ಎಂದು ಚಾಚಾ ಕೈಯಲ್ಲಿ ಚೂರುಗಳನ್ನು ಹಿಡಿದು ಕೂತ.

ನಾನು ಓದಿದೆ. ಪ್ರತಿ ‘ಇಫ್’ಗೂ ಚಾಚಾ “ಇದು ಯಾವೂರ ಗಾಡಿ?” ಎಂದು ಕೇಳಿ ಚೂರು ಇಡುತ್ತಿದ್ದ, ‘ಫಿ’ಗೆ ತೆಗೆಯುತ್ತಿದ್ದ. ಧಾರವಾಡದ್ದು ಬಂತು, ಹೋಯಿತು. ಗೋವಾದ್ದು ಬಂತು, ಅದರ ಪಟ್ಟಿ ಅಚ್ಚಾಯಿತು. ಲೋಂಡಾದ್ದು ಎಂದು ಬಾಯಿ ತೆರೆದೆ, ಚಾಚಾ ಕೈ ಅಡ್ಡ ಹಿಡಿದ.

“ನಿಂದರ್ರಿ. ಗೋವಾದ್ದರ ಕೆಲಸ ಮುಗದೈತಿ. ಅದನ್ನ ಹೊರಗ ಬಿಡದ ಲೋಂಡಾದ್ದು ಹೆಂಗ ಒಳಗ ಬಂತು?”

ಕಾಗದ ನೋಡಿದೆ. ಅಲ್ಲಿ ‘ಫಿ’ ಇರಲಿಲ್ಲ. ಇಂಗ್ಲಿಷಿನ ಒಂದಕ್ಷರ ಬಾರದ ಮನುಷ್ಯ ಚಹಾ ಕುಡಿಯುವಷ್ಟರಲ್ಲಿ ಅದನ್ನು ಹಿಡಿದಿದ್ದ. ಕಾಲಿಗೆ ಬೀಳಬೇಕೆನಿಸಿತು. ಕಾರ್ಖಾನೆಯ ಫೋನಿನಿಂದ ಅಕ್ಕಾರಿಗೆ ಹೇಳಿ ಆ ಒಂದು ಸಾಲು ಹಾಕಿಸಿದೆ. ಫೋನಿನೊಳಗಿಂದಲೇ ಪ್ರಿಂಟರಿನ ಕರಕರ ಕೇಳಿಸಿತು.

ಅಷ್ಟರಲ್ಲಿ ಮಾಲಕರು ಬಂದರು. ನಾನು ಏನನ್ನೂ ಮುಚ್ಚಿಡದೆ, ತಪ್ಪು ಹಿಡಿದದ್ದು ಚಾಚಾ ಎಂದೆ. ಮಾಲಕರು ಚಾಚಾನನ್ನು ಮೇಲಿಂದ ಕೆಳಗೆ ನೋಡಿದರು.

“ನಿನಗ ಕಂಪ್ಯೂಟರ್ ಬರತೈತೇನು?”

“ಇಲ್ರಿ ಮಾಲಕರ. ಆದ್ರ ಸಿಟ್ಟಾಗಲಿಲ್ಲಂದ್ರ ಒಂದು ಮಾತು ಹೇಳ್ತೀನಿ. ಬೆಳಗಾವಿ ಗೇಟಿಗೆ ಯಾರನ್ನ ಇಟ್ಟೀರಿ, ಅಂವನ್ನ ಮದಲ ಬಿಡಸ್ರಿ. ಕೆಲಸ ಮುಗದ ಗಾಡಿ ಹೊರಗ ಹೋಗೂಕಿಂತ ಮದಲ ಇನ್ನೊಂದು ಒಳಗ ಬಿಡ್ತಾನ. ಖರೇ ಹೇಳ್ತೀನಿ, ಯಾರರ ಸಾಯ್ತಾರ.”

ಮಾಲಕರು ನನ್ನ ಕಡೆ ತಿರುಗಿದರು. “ಯಾರು ಅಂವ?”

“ನಾನರೀ,” ಎಂದೆ.

ಚಾಚಾನ ಮುಖ ಬಿಳಿಚಿತು. ತಲೆ ಕೆರೆದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟ. “ಹಂಗಾರ ಬಿಡಸಬ್ಯಾಡ್ರಿ ಮಾಲಕರ. ಹುಡುಗ ಛಲೋ ಅದಾನ. ಎಂಟು ದಿನ ನನ್ನ ಕಡೆ ಕುಂದರಸ್ರಿ, ತಯಾರ ಮಾಡಿ ಕೊಡ್ತೀನಿ.”

ಮಾಲಕರು ನಗಲಿಲ್ಲ.

“ಆತು,” ಎಂದರು ನನಗೆ. “ಕೆಲಸ ಕಾಯಂ. ಸೋಮವಾರ ಇಲ್ಲಿಗೆ ಬರ್ರಿ, ಶೀಟಿ ನಾ ಕೊಡಸ್ತೀನಿ.”