ನಮ್ಮ ಅಟ್ಟಕ್ಕೆ ಬಂದ ಜಾಗತೀಕರಣ

ವಯಸ್ಸಾದ ಮೇಲೆ ಮನುಷ್ಯ ಏನನ್ನು ಬೇಕಾದರೂ ಬಿಡಬಲ್ಲ. ಕಾಫಿಯ ಸಕ್ಕರೆ ಬಿಡುತ್ತಾನೆ, ಹೊಗೆಸೊಪ್ಪು ಬಿಡುತ್ತಾನೆ. ಮನೆಯವರ ಮುಂದೆ ಎಲ್ಲ ತಿಳಿದವನಂತೆ ತಲೆಯಾಡಿಸುವುದನ್ನು ಮಾತ್ರ ಬಿಡಲಾರ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನಾನು ಈ ಚಪಲದಿಂದ ಅರ್ಥಶಾಸ್ತ್ರಕ್ಕೇ ದೊಡ್ಡ ಅನ್ಯಾಯ ಮಾಡಿಬಿಟ್ಟೆ.

ಕಣಕಟ್ಟೆಯ ಹತ್ತಿರ ನಮ್ಮದೊಂದು ತೆಂಗಿನ ತೋಟವಿದೆ. ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತೇವೆ. ಒಂದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಗಡಗಡ ಎಂದರೆ, ಒಡೆದು ಅರಸೀಕೆರೆಯ ಮಾರುಕಟ್ಟೆಗೆ ಸಾಗಿಸುವ ಕಾಲ ಬಂತೆಂದು ಅರ್ಥ. ಈ ತೀರ್ಪು ಕೊಡುವುದು ಮನೆಯ ಯಜಮಾನ, ಅಂದರೆ ನಾನು. ಹೋದ ವರ್ಷ ಊರವರೆಲ್ಲ ಕಾಯಿ ಒಡೆದರೂ ನಾನು ಏಣಿ ಹತ್ತಿ, ಅಲ್ಲಾಡಿಸಿ, "ಇನ್ನೂ ಆಗಿಲ್ಲ ಕಣೇ" ಎಂದು ಇಳಿಯುತ್ತಿದ್ದೆ. "ಏನ್ರೀ, ನಮ್ ಕಾಯಿಗೊಂದು ಬ್ಯಾರೆ ಬಿಸ್ಲು ಬಿದ್ದೈತಾ?" ಎನ್ನುತ್ತಿದ್ದಳು ನನ್ನ ಹೆಂಡತಿ ಪುಟ್ಟಮ್ಮ. ಅಷ್ಟರಲ್ಲಿ ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬಂದಿತಂತೆ, ಕೊಬ್ಬರಿ ಬೆಲೆ ಬಿತ್ತು, ಜನ ಗಾಬರಿಯಾಗಿ ಮಾರಿಕೊಂಡರು. ಬೆಲೆ ಮತ್ತೆ ಏರಿದಾಗ ಅಟ್ಟದ ತುಂಬ ಕಾಯಿ ಇದ್ದದ್ದು ನಮ್ಮ ಮನೆಯೊಂದರಲ್ಲೇ.

ಸೊಸೆ ಸವಿತಾ ಹಾಸನದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ಜಾಗತೀಕರಣ ಕೊಬ್ಬರಿ ಬೆಳೆಗಾರರನ್ನು ಹೇಗೆ ತಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟುತ್ತಿದ್ದಳು. ಡಾಲರು, ಆಮದು ಸುಂಕ, ತಾಳೆ ಎಣ್ಣೆ, ಎಲ್ಲಕ್ಕೂ ಸೂತ್ರದಲ್ಲಿ ಒಂದೊಂದು ಅಕ್ಷರ. ಊರಿನ ಮನೆಗಳೆಲ್ಲ ಸೂತ್ರಕ್ಕೆ ಬಗ್ಗಿದವು, ನಮ್ಮದೊಂದು ಬಗ್ಗಲಿಲ್ಲ. "ಮಾವ, ನೀವು ಯಾಕೆ ತಡೆದ್ರಿ?" ಎಂದು ಕೇಳಿದಳು. ನಾನು ಮೀಸೆ ಸವರಿ, "ಪ್ರಪಂಚದ ಗಾಳಿ ಎತ್ಲಾಗೆ ಬೀಸ್ತೈತೆ ಅಂತ ನೋಡ್ದೆ ಕಣಮ್ಮ" ಎಂದೆ. ಅವಳು ಅದನ್ನೇ 'ರೈತನ ಮುಂದಾಲೋಚನೆ' ಎಂದು ಮಾದರಿಗೆ ಸೇರಿಸಿದಳು. ಅವಳ ಮೇಷ್ಟ್ರು ಕುಣಿದಾಡಿಬಿಟ್ಟರಂತೆ. ಪ್ರಬಂಧವನ್ನೆಲ್ಲ ಇದರ ಮೇಲೆಯೇ ನಿಲ್ಲಿಸು, ಮಂಡಿಸುವ ದಿನ ಮಾವನವರನ್ನೂ ಕರೆದುಕೊಂಡು ಬಾ ಎಂದರಂತೆ.

ಇದನ್ನು ಕೇಳಿದವನೇ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೇ ಇಟ್ಟೆ. ಹುಡುಗಿಯ ಅಷ್ಟೂ ಶ್ರಮ ನನ್ನ ಮೀಸೆಯ ಮೇಲೆ ನಿಂತಿತ್ತು. ಊಟದ ನಡುವೆಯೇ ಒದರಿಬಿಟ್ಟೆ: "ಸವಿತಾ, ಗಾಳಿನೂ ಇಲ್ಲ, ಗೀಳಿನೂ ಇಲ್ಲ ಕಣಮ್ಮ. ನನ್ ಕಿವಿ ಮಂದ ಆಗೈತೆ, ಜೋರಾಗಿ ಮಾತಾಡಿದ್ರೆ ಕೇಳ್ತೈತೆ. ಕಾಯಿ ಗಡಗಡ ಅನ್ನೋದು ನಂಗೆ ಕೇಳ್ಸಲೇ ಇಲ್ಲ."

ಪುಟ್ಟಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಅಯ್ಯೋ, ಅದಕ್ಕಾ! ಕರೆದ್ರೂ ತಿರುಗಿ ನೋಡ್ದೆ ಹೋಗೋದನ್ನ ಕೊಬ್ಬು ಅನ್ಕೊಂಡಿದ್ನಲ್ರೀ!"

ಸವಿತಾ ಬಿಕ್ಕಳಿಕೆ ಬರುವಷ್ಟು ನಕ್ಕಳು. ಆಮೇಲೆ ಕಂಪ್ಯೂಟರ್ ತೆರೆದು ಮುಂದಾಲೋಚನೆಯನ್ನು ಅಳಿಸಿಹಾಕಿದಳು. "ಸರಿಹೋಯ್ತು ಮಾವ. ಯಾವ ಕಾರಣಕ್ಕೂ ಸಿಗದೇ ಇರೋದನ್ನೆಲ್ಲ ಹಾಕೋಕೆ ಸೂತ್ರದ ಕೊನೇಲಿ ಒಂದು ಅಕ್ಷರ ಇರುತ್ತೆ. ಅದಕ್ಕೆ ದೋಷ ಅಂತಾರೆ. ನಿಮ್ಮನ್ನ ಅಲ್ಲಿಗೆ ಸೇರಿಸ್ದೆ."

ನನಗೆ ಪಶ್ಚಾತ್ತಾಪ ನಿಜವಾಗಿಯೂ ಆಗಿತ್ತು. ಆದರೆ ಮರುದಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, "ಏನಣ್ಣೋ, ಸೊಸೆ ಓದು ಎಲ್ಲಿಗೆ ಬಂತು?" ಎಂದು ಒಬ್ಬರು ಕೂಗಿದಾಗ ಬಾಯಿ ಸುಮ್ಮನಿರಲಿಲ್ಲ. "ಪ್ರಪಂಚದ ವ್ಯಾಪಾರಕ್ಕೇ ಸೂತ್ರ ಬರೆದವ್ಳೆ ಕಣ್ರಪ್ಪ. ಡಾಲರು, ಸುಂಕ, ತಾಳೆ ಎಣ್ಣೆ ಎಲ್ಲಾ ಐತೆ. ಅವೆಲ್ಲಾ ಆದ್ಮೇಲೆ ನಾನೂ ಬತ್ತೀನಿ" ಎಂದೆ. ಏನಾಗಿ ಬರುತ್ತೀ ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಕೇಳಿಸದವನಂತೆ ಟೀ ಹೀರುತ್ತಿದ್ದೆ.