ಟಾಲರೆನ್ಸ್ ಒಳಗಿನ ಫರಕು

ದೇವರು ಮನುಷ್ಯನನ್ನು ಫೈನಲ್ ಇನ್‌ಸ್ಪೆಕ್ಷನ್ ಇಲ್ಲದೆ ಭೂಮಿಗೆ ಕಳಿಸಿಬಿಟ್ಟಿದ್ದಾನೆ ಎಂಬುದು ನನ್ನ ತಮ್ಮನ ದೃಢವಾದ ನಂಬಿಕೆ. ಆ ಕೊರತೆ ತುಂಬಲೆಂದೇ ತನ್ನನ್ನು ಕಳಿಸಿದ್ದಾನೆ ಎಂಬುದು ಎರಡನೆಯ ನಂಬಿಕೆ. ನಾನು ಅವನಿಗಿಂತ ಮೊದಲು ಹುಟ್ಟಿ ಬಚಾವಾದೆ. ಇಲ್ಲದಿದ್ದರೆ ಈ ಮೂಗು ಹೊತ್ತುಕೊಂಡು ನಾನು ಪಾಸಾಗುತ್ತಿದ್ದೆನೇ? ಐ ಡೌಟ್ ಇಟ್.

ಹೈದರಾಬಾದಿನ ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಸಣ್ಣಪುಟ್ಟ ಭಾಗಗಳನ್ನು ಅಳೆದು ನೋಡುವುದು ಅವನ ನೌಕರಿಯಾಗಿತ್ತು. ಸರಿ ಇದ್ದ ಮಾಲಿಗೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು ಚೀಟಿ, ದಾರದಿಂದ ಕಟ್ಟಬೇಕು. ರಿಟೈರ್ ಆದ ಮೇಲೆ ಕಾರ್ಖಾನೆ ಅವನನ್ನು ಬಿಟ್ಟಿತು, ಚೀಟಿಗಳು ಬಿಡಲಿಲ್ಲ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಮದರ್ ಸುಪೀರಿಯರ್ ನಮಗೆ ಕಸೂತಿ ಕಲಿಸಿದರು, ಪಿಯಾನೋ ಕಲಿಸಿದರು. ರೊಟ್ಟಿ ಬಡಿಯುವುದನ್ನು ಸಿಲಬಸ್ಸಿನಲ್ಲಿ ಸೇರಿಸಿರಲಿಲ್ಲ. ಗಂಡ ಹೋದ ಮೇಲೆ ಮಿಯಾಪುರದ ತಮ್ಮನ ಫ್ಲಾಟಿಗೆ ಬಂದು, ಮೊದಲ ದಿನ ಜೋಳದ ರೊಟ್ಟಿ ಮಾಡಿದೆ. ಅವನು ಒಂದು ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅಂಚಿನಲ್ಲಿ ತೂತು ಮಾಡಿ ಕೆಂಪು ಚೀಟಿ ಕಟ್ಟಿದ!

"ಅಕ್ಕಾ, ಇದು ಗುಂಡಗಿಲ್ಲ. ಪಾಸಾಗಂಗಿಲ್ಲ ನೋಡು."

ಆ ರೊಟ್ಟಿ ತಿಂದವರು ಯಾರು ಅಂತೀರಿ? ಅವನೇ. ರಿಜೆಕ್ಟ್ ಆದ ಮಾಲು ಗೇಟಿನ ಹೊರಗೆ ಹೋಗುವಂತಿಲ್ಲವಂತೆ.

ಅವನ ಇನ್ನೊಂದು ಮಂತ್ರ ಟಾಲರೆನ್ಸ್. ಅಳತೆಯಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಕಾರ್ಖಾನೆಯ ನಿಯಮ ಅದು. ಅವನ ಹೆಂಡತಿ, ನನ್ನ ನಾದಿನಿಯೋ ಗೆಳತಿಯೋ ಎನ್ನುವಂತಿದ್ದ ನಗುಮುಖದವಳು, ನಾನಿನ್ನೂ ಹಬ್ಬಕ್ಕಷ್ಟೇ ಬಂದುಹೋಗುತ್ತಿದ್ದಾಗ, ಒಮ್ಮೆ ಶ್ರಾವಣವಿಡೀ ಒಪ್ಪತ್ತು ಉಂಡು ಹೊಸ ಸೀರೆ ಉಟ್ಟು ಅವನೆದುರು ನಿಂತಳು.

"ಏನ್ರೀ, ಸ್ವಲ್ಪರ ಇಳದೀನಿ ಅನಸೂದಿಲ್ಲೇನು?"

ಇವನು ಕನ್ನಡಕ ಸರಿ ಮಾಡಿಕೊಂಡು ನೋಡಿದ. "ಟಾಲರೆನ್ಸ್ ಒಳಗಿನ ಫರಕು. ನೋ ಚೇಂಜ್."

ಆವತ್ತು ಅವಳು ಒಪ್ಪತ್ತು ಬಿಟ್ಟು ಎರಡು ಪ್ಲೇಟ್ ಮಿರ್ಚಿ ಭಜಿ ತಿಂದಳು.

ಇಂಥವನ ಒಬ್ಬಳೇ ಮಗಳು ಗೌರಿ ಫಿಸಿಯೋಥೆರಪಿ ಓದಿದಳು. ಹೈದರಾಬಾದಿನಲ್ಲಿ ಆಗ ಸಾಫ್ಟ್‌ವೇರಿನ ಸುಗ್ಗಿ. ನಮ್ಮ ಕಾಂಪ್ಲೆಕ್ಸಿನಲ್ಲಿ ಲಿಫ್ಟ್ ಬಾಗಿಲು ತೆರೆದರೆ ಕೊರಳಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡವರೇ ಉದುರುತ್ತಿದ್ದರು. ಮೇಲಿನ ಫ್ಲಾಟಿನ ತೆಲುಗು ಗೃಹಿಣಿಗೆ ಗೌರಿಯ ಡಿಗ್ರಿಯ ಹೆಸರು ಕೇಳಿ ಕಣ್ಣು ತುಂಬಿ ಬಂತು. "ಅಯ್ಯೋ ಪಾಪಂ, ಕಂಪ್ಯೂಟರ್ ಸೀಟು ದೊರಕಲೇದಾ?" ಎಂದು ನನ್ನ ಕೈ ಹಿಡಿದುಕೊಂಡರು. ಸಾವಿನ ಮನೆಯಲ್ಲಿ ಹಿಡಿಯುತ್ತಾರಲ್ಲ, ಹಾಗೆ.

ಡಿಗ್ರಿ ಮುಗಿಯಿತು, ಇಂಟರ್ನ್‌ಶಿಪ್ ಮುಗಿಯುತ್ತಾ ಬಂತು. ಮುಂದೇನು? ಗೌರಿಗೆ ಅನುಮಾನವೇ ಇರಲಿಲ್ಲ. ಎಂಪಿಟಿ ಎಂಬ ಮೇಲಿನ ಡಿಗ್ರಿ ಮಾಡಬೇಕು, ಅದೂ ನ್ಯೂರೋದಲ್ಲಿ: ಲಕ್ವ ಹೊಡೆದವರನ್ನು, ನರಕ್ಕೆ ಪೆಟ್ಟು ಬಿದ್ದವರನ್ನು ಮತ್ತೆ ಎಬ್ಬಿಸಿ ಕೂರಿಸುವ ವಿದ್ಯೆ. ಬೇರೆ ಊರಿನ ಒಂದು ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಆದರೆ ಅಪ್ಪ ಹೂಂ ಅನ್ನಬೇಕಲ್ಲ?

"ಇನ್‌ಸ್ಪೆಕ್ಷನ್ ಆಗದ ನಾ ಯಾವುದಕ್ಕೂ ಸಹಿ ಹಾಕಂಗಿಲ್ಲವಾ. ಎಲ್ಲಾ ಲೈನೂ ನೋಡತೀನಿ," ಎಂದ ಇವನು ಮರುದಿನವೇ ಕೊಡೆ ಹಿಡಿದು ಹೊರಟ.

ಮೊದಲು ಅಮೀರ್‌ಪೇಟೆ. ಅಮೆರಿಕದ ಡಾಕ್ಟರರು ಹೇಳಿದ್ದನ್ನು ಕೇಳಿ ಟೈಪ್ ಮಾಡುವ ಕೋರ್ಸು, ಮೇಲಿನ ಫ್ಲಾಟಿನವರ ಶಿಫಾರಸು. ಇವನು ಮಕ್ಕಳ ನಡುವೆ ಹೆಡ್‌ಫೋನ್ ಹಾಕಿ ಕುಳಿತ. ಯಾರದೋ ಮೊಣಕಾಲಿನ ಕಥೆ ಬರುತ್ತಿತ್ತು. ಪೂರ್ತಿ ಕೇಳಿ, ಕೌಂಟರಿನ ಹುಡುಗಿಯನ್ನು ವಿಚಾರಿಸಿದ: "ವೋ ಘುಟನಾ ಅಬ್ ಕೈಸಾ ಹೈ?"

"ವೋ ಹಮಾರಾ ಕಾಮ್ ನಹೀ ಅಂಕಲ್."

ಕೆಂಪು ಚೀಟಿ. "ಯಾರಿಗೂ ಆ ಮೊಣಕಾಲ ಹೆಂಗೈತಿ ಅಂತ ಗೊತ್ತಿಲ್ಲಕ್ಕಾ," ಎಂದು ಎರಡು ದಿನ ಅದೇ ಚಿಂತೆ ಮಾಡಿದ.

ಆಮೇಲೆ ಆಸ್ಪತ್ರೆ ನಡೆಸುವ ಎಂಬಿಎ. ಅದರ ಸ್ಯಾಂಪಲ್ ನೋಡಲು ಒಂದು ಥಳಕಿನ ಆಸ್ಪತ್ರೆಗೆ ಹೋದ. ಹೋಟೆಲೋ ಆಸ್ಪತ್ರೆಯೋ ತಿಳಿಯದ ಲಾಬಿ, ಟೈ ಕಟ್ಟಿದ ಮ್ಯಾನೇಜರ್. ಅಷ್ಟರಲ್ಲಿ ಪಕ್ಕದಲ್ಲಿ ಒಂದು ವ್ಹೀಲ್‌ಚೇರ್ ಕಿರ್‌ಕಿರ್ ಎಂದು ಹಾದುಹೋಯಿತು. ನನ್ನ ತಮ್ಮ ಎಲ್ಲಿ ಹೋದರೂ ಜೇಬಿನಲ್ಲಿ ಎಣ್ಣೆಯ ಪುಟ್ಟ ಬುಡ್ಡಿ ಇರುತ್ತದೆ. ಪೇಷಂಟ್ ಕೂತಿರುವಾಗಲೇ ಗಾಲಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಸೆಕ್ಯೂರಿಟಿಯವರು ಓಡಿ ಬಂದರು, ಮ್ಯಾನೇಜರ್ ವಿಸಿಟಿಂಗ್ ಕಾರ್ಡ್ ಕೊಟ್ಟು ಬಾಗಿಲ ತನಕ ಬಿಟ್ಟುಬಂದ.

"ಕಾರ್ಡು ಭಾಳ ಚೊಲೊ ಐತಿ," ಎಂದ ಮನೆಗೆ ಬಂದು. "ಗಾಲಿ ರಿಜೆಕ್ಟ್."

ಸ್ಪೋರ್ಟ್ಸ್ ಫಿಸಿಯೋ ನೋಡಲು ಮೈದಾನಕ್ಕೆ ಹೋಗಿ ಇಡೀ ಬೆಳಗು ಕುಳಿತ. ದುರದೃಷ್ಟವಶಾತ್ ಒಬ್ಬ ಆಟಗಾರನೂ ಬೀಳಲಿಲ್ಲ. ಆದರೆ ಆರ್ಥೋ, ಅಂದರೆ ಎಲುಬು ಕೀಲುಗಳ ಲೈನು! ಹೈಟೆಕ್ ಸಿಟಿಯ ಬಳಿಯ ಒಂದು ಕ್ಲಿನಿಕ್ಕಿನಿಂದ ಅವನು ತೇಜಸ್ಸಿನಿಂದ ಬೆಳಗುತ್ತಾ ಬಂದ. ಅಲ್ಲಿ ಕುತ್ತಿಗೆ ಪಟ್ಟಿ ಹಾಕಿದ ಸಾಫ್ಟ್‌ವೇರ್ ಮಕ್ಕಳು ಸಾಲಾಗಿ ಕುಳಿತಿದ್ದರಂತೆ.

"ಎಲ್ಲಾರದೂ ಒಂದ ಡಿಫೆಕ್ಟ್ ಅಕ್ಕಾ, ಒಂದ ರಿಪೇರಿ! ನಾಕು ದಿನ ಬಂದ್ರು, ಆರಾಮಾದ್ರು, ಹೋದ್ರು. ಹಸಿರು ಚೀಟಿ ಕಟ್ಟಿ ಕಳಸೂ ಅಂಥಾ ಕೆಲಸ."

ಅವನು ಆರ್ಥೋಕ್ಕೆ ಹಸಿರು ಚೀಟಿ ಕಟ್ಟಿದ. ಗೌರಿಯ ನ್ಯೂರೋ ಕಾಲೇಜಿನ ಪುಸ್ತಿಕೆಗೆ, ಕೂತಲ್ಲಿಂದಲೇ, ಕೆಂಪು.

ಗೌರಿ ಊಟದ ತಟ್ಟೆ ಸರಿಸಿದಳು. "ಪಪ್ಪಾ, ಅದನ್ನ ನೀವು ನೋಡೇ ಇಲ್ಲ."

"ನೋಡೀನಿ," ಎಂದು ಅವನು ಎದ್ದು ಕೈ ತೊಳೆಯಲು ಹೋದ.

ನೋಡಿದ್ದ, ನಿಜ. ಗೌರಿ ಹೈಸ್ಕೂಲಿನಲ್ಲಿದ್ದಾಗ ಅವಳ ತಾಯಿಗೆ ಲಕ್ವ ಹೊಡೆಯಿತು. ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತು. ನಾನು ಹಬ್ಬಕ್ಕೆ ಬಂದಾಗಲೆಲ್ಲ ಒಂದೇ ದೃಶ್ಯ: ಬೆಳಗಿನ ಚಹಾ ಆದ ಮೇಲೆ ಇವನು ಮಖಮಲ್ಲಿನ ಡಬ್ಬಿಯಿಂದ ವರ್ನಿಯರ್ ತೆಗೆಯುತ್ತಿದ್ದ. ಕೂದಲಿನ ದಪ್ಪವನ್ನೂ ಅಳೆಯುವ ಉಕ್ಕಿನ ಉಪಕರಣ ಅದು. ಹೆಂಡತಿಯ ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನಿಟ್ಟು, ಕೈ ಎಷ್ಟು ತೆರೆಯಿತು ಎಂದು ನೋಡುವುದು. ಅವಳು ಸೊಟ್ಟ ಬಾಯಲ್ಲೇ ನಗುತ್ತಾ "ಎಷ್ಟಾತ್ರೀ?" ಎನ್ನುವಳು. ಇವನು "ನೋ ಚೇಂಜ್" ಎಂದು ಡಬ್ಬಿ ಮುಚ್ಚುವನು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದೂ ಉಂಟು. ಹೆಂಡತಿಯ ಕೈಗೆ ವರ್ನಿಯರ್ ಹಿಡಿಯುವ ಗಂಡನನ್ನು ಜಗತ್ತು ಎಲ್ಲಿ ಕಂಡಿದೆ? ಮುಂದಿನ ಚಳಿಗಾಲದಲ್ಲಿ ಅವಳು ಹೋದಳು. ಡಬ್ಬಿ ಕಪಾಟು ಸೇರಿತು.

ಅವನು ಕೈ ಒರೆಸುತ್ತಾ ಬಂದಾಗ ನಾನು ಸುಮ್ಮನಿರಲಿಲ್ಲ. "ಅಲ್ಲೋ, ಮಾಲು ನೋಡದ ಚೀಟಿ ಕಟ್ಟಿದವಗ ನಿಮ್ಮ ಕಾರ್ಖಾನ್ಯಾಗ ಏನಂತಿದ್ರು?"

ಅವನ ಮುಖ ಕೆಂಪಾಯಿತು. ಹಾಗೆ ಮಾಡಿದವನನ್ನು ಅವನೇ ಒಮ್ಮೆ ವಾರಗಟ್ಟಲೆ ಮಾತಾಡಿಸದೆ ಬಿಟ್ಟಿದ್ದ. ಮರುದಿನ ಕೊಡೆ ಹಿಡಿದ. ನನ್ನನ್ನೂ ಕರೆದುಕೊಂಡ.

ಗೌರಿ ಕೆಲಸ ಕಲಿಯುತ್ತಿದ್ದ ವಾರ್ಡಿನಲ್ಲಿ ಯಾದಗಿರಿ ಕಡೆಯ ಒಬ್ಬ ಗಾರೆ ಕೆಲಸದವ ಇದ್ದ. ಅರ್ಧ ಮೈ ಬಿದ್ದುಹೋಗಿತ್ತು. ಗೌರಿ ಅವನೆದುರು ಸ್ಟೀಲ್ ಲೋಟದಲ್ಲಿ ನೀರಿಟ್ಟು "ಹಿಡೀರಿ ಕಾಕಾ, ಅವಸರಿಲ್ಲ" ಎನ್ನುತ್ತಿದ್ದಳು. ಬೆರಳುಗಳು ಲೋಟವನ್ನು ಹುಡುಕಿದವು, ಹಿಡಿದವು, ಎತ್ತಿದವು. ಬಾಯಿ ತಲುಪುವಷ್ಟರಲ್ಲಿ ಎದೆಯೆಲ್ಲ ಒದ್ದೆ.

"ಅರ್ಧಾ ಚೆಲ್ಲಿತಲ್ಲವಾ," ಎಂದ ನಮ್ಮ ಇನ್‌ಸ್ಪೆಕ್ಟರ್.

"ಹ್ವಾದ ವಾರ ಪೂರಾ ಚೆಲ್ಲಿತ್ತು ಪಪ್ಪಾ."

ಆ ಮನುಷ್ಯ ಸೊಟ್ಟ ಬಾಯಿಂದ ನಕ್ಕ. "ಇವತ್ತ ಅರ್ಧಾ ಕುಡದೀನ್ರಿ ಸಾಹೇಬ್ರ. ಅಕ್ಕಾರು ದಿನಾ ಹೇಳತಾರ್ರಿ, ಎಷ್ಟು ಕುಡದೆ ಅಂತ. ಅದನ್ನ ಕೇಳಾಕ ನಾ ಮುಂಜಾನಿಂದ ಕಾಯತೀನ್ರಿ."

ಮನೆಗೆ ಬರುವ ತನಕ ತಮ್ಮ ಆಟೋದಲ್ಲಿ ಒಂದು ಸೈನ್‌ಬೋರ್ಡಿನ ಮೇಲೂ ತಪ್ಪು ಹುಡುಕಲಿಲ್ಲ. ನನಗೆ ಭಯವೇ ಆಯಿತು.

ಸಂಜೆ ಗೌರಿ ಬಂದಾಗ ಪುಸ್ತಿಕೆಯ ಕೆಂಪು ಚೀಟಿ ಬಿಚ್ಚಿದ್ದ. ಹಸಿರನ್ನೂ ಕಟ್ಟಿರಲಿಲ್ಲ. ಪಕ್ಕದಲ್ಲಿ ಆ ಮಖಮಲ್ಲಿನ ಡಬ್ಬಿ.

"ಇದನ್ನ ತೊಗೊಂಡು ಹೋಗು. ಅಲ್ಲಿ ಪ್ಲಾಸ್ಟಿಕ್ ಪಟ್ಟಿ ನಂಬಬ್ಯಾಡ."

"ಇಷ್ಟು ಸಣ್ಣ ಅಳತಿ ನಮಗ ಬೇಕಾಗಂಗಿಲ್ಲ ಪಪ್ಪಾ."

"ಬೇಕಾಗತೈತಿ." ಅವನು ದಾರದ ತುಂಡನ್ನು ಬೆರಳಿಗೆ ಸುತ್ತುತ್ತಾ ಕುಳಿತ. "ನಿಮ್ಮವ್ವನ ಬೆರಳು ಸರದಿತ್ತವಾ. ದಿನಾ ಅಲ್ಲ, ಒಂದೊಂದ ದಿನ. ಕೂದಲೆಳಿಯಷ್ಟು. ಟಾಲರೆನ್ಸ್ ಒಳಗ ಐತಿ ಅಂತ ನಾ ನೋ ಚೇಂಜ್ ಅಂದೆ. ಆಕಿ ನನ್ನ ಮಾರಿ ನೋಡಕೋತ ಕೇಳ್ತಿದ್ಲು."

ಕುಕ್ಕರ್ ಕೂಗಿತು. ನಾನು ಏಳಲಿಲ್ಲ.

"ಅಷ್ಟ ಸರದ್ರೂ ಹೇಳವಾ ಅವರಿಗೆ," ಎಂದ.

ಗೌರಿ ಡಬ್ಬಿ ತೆರೆದಳು. ಅವನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ವರ್ನಿಯರ್ ಇಟ್ಟು, ಬೆಳಕಿಗೆ ಬಾಗಿ ಓದಲು ನೋಡಿದಳು.

"ಕೈ ನಡಗಾಕತ್ತೈತಿ ಪಪ್ಪಾ."

"ಟಾಲರೆನ್ಸ್ ಒಳಗ ಐತಿ, ಬಿಡು," ಎಂದ. ಕೈ ಮಾತ್ರ ಹಿಂದೆಗೆಯಲಿಲ್ಲ.